ಜೀರ್ಣತಂತ್ರಾಂಶ ವಿಸರ್ಜನ ಮೀಮಾಂಸೆ

ಗೃಹಸ್ಥನಾದವನು ತನ್ನ ಮನೆಯ ಗಣಕಯಂತ್ರದಲ್ಲಿ ಬಹುಕಾಲದಿಂದ ಆಯವ್ಯಯಗಳನ್ನು ಬರೆದಿಡುತ್ತ ಬಂದ ತಂತ್ರಾಂಶವು ಜೀರ್ಣವಾಯಿತೆಂದು ಲೋಕವು ಸಾರಿದಾಗ, ಅದನ್ನು ವಿಸರ್ಜಿಸಿ ನೂತನವಾದುದನ್ನು ಪ್ರತಿಷ್ಠಾಪಿಸತಕ್ಕದ್ದೋ ಅಥವಾ ಯಥಾಸ್ಥಿತಿಯಲ್ಲಿಯೇ ಕಾಪಾಡಿಕೊಂಡು ಬರತಕ್ಕದ್ದೋ ಎಂಬ ಪ್ರಶ್ನೆಯು, ಮೋಕ್ಷವಿಚಾರದಷ್ಟು ಪ್ರಾಚೀನವಲ್ಲದಿದ್ದರೂ, ಅದಕ್ಕಿಂತ ಅಧಿಕವಾದ ನಿದ್ರಾಭಂಗಕ್ಕೆ ಕಾರಣವಾಗಿರುವುದು ನಿರ್ವಿವಾದವು. ಜೀರ್ಣವಾದ ದೇಗುಲಕ್ಕೂ ಭಿನ್ನವಾದ ವಿಗ್ರಹಕ್ಕೂ ವಿಧಿಗಳನ್ನು ಹೇಳಿದ ಶಾಸ್ತ್ರಕಾರರು ಈ ವಿಷಯದಲ್ಲಿ ಮೌನವನ್ನು ತಾಳಿರುವುದರಿಂದ, ಮೀಮಾಂಸಕರ ಅಧಿಕರಣಕ್ರಮವನ್ನೇ ಆಶ್ರಯಿಸಿ, ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ ಎಂಬ ಪಂಚಾಂಗಗಳಿಂದ ಇದನ್ನು ಪರಾಮರ್ಶಿಸುವೆವು.

ವಿಷಯವು ಹೀಗಿದೆ. ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು 1991ರಲ್ಲಿ ‘ಮನಿ’ ಎಂಬ ಲೆಕ್ಕದ ತಂತ್ರಾಂಶವನ್ನು ಲೋಕಕ್ಕಿತ್ತಿತು. ಆಗ ಇನ್‌ಟ್ಯೂಟ್ ಸಂಸ್ಥೆಯದಾಗಿದ್ದ ‘ಕ್ವಿಕನ್’ ಇದಕ್ಕೆ ಜ್ಯೇಷ್ಠವೂ ಬಲಿಷ್ಠವೂ ಆದ ದಾಯಾದಿ. ತಾನು ಗೆಲ್ಲಲಾರದ ಈ ದಾಯಾದಿಯನ್ನು ಮೈಕ್ರೋಸಾಫ್ಟ್ 1994ರಲ್ಲಿ ಅದರ ಸಂಸ್ಥೆಯ ಸಮೇತ ಸುಮಾರು 150 ಕೋಟಿ ಡಾಲರುಗಳಿಗೆ ಕೊಂಡುಬಿಡಲು ಉದ್ಯುಕ್ತವಾಯಿತು. ಇಂತಹ ಉಪಾಯವು ಕುರುಕುಲದಲ್ಲಿ ಯಾರಿಗೂ ಹೊಳೆಯದೆ ಹೋದುದರಿಂದಲೇ ಭಾರತಕಥೆಯು ಹದಿನೆಂಟು ಪರ್ವಗಳಿಗೆ ಬೆಳೆಯಿತೆಂದು ನಮ್ಮ ಊಹೆ. ಆದರೆ 1995ರ ಏಪ್ರಿಲಿನಲ್ಲಿ ಅಮೆರಿಕದ ನ್ಯಾಯ ಇಲಾಖೆಯು ಇದರ ವಿರುದ್ಧ ದಾವೆ ಹೂಡಲಾಗಿ, ಮೇ ತಿಂಗಳಲ್ಲಿ ಆ ಕ್ರಯಪ್ರಯತ್ನವು ಮುರಿದುಬಿತ್ತು. ಅನಂತರ 2009ರ ಜೂನ್ 30ಕ್ಕೆ ‘ಮನಿ’ಯ ವಿಕ್ರಯವು ನಿಂತು, 2010ರಲ್ಲಿ ‘ಸನ್‌ಸೆಟ್’ ಎಂಬ ವೈರಾಗ್ಯಪೂರ್ಣವಾದ ಹೆಸರಿನ ಅಂತಿಮ ಆವೃತ್ತಿಯು ಧರ್ಮಾರ್ಥವಾಗಿ ಹಂಚಲ್ಪಟ್ಟು, 2011ರ ಜನವರಿಯಲ್ಲಿ ಅದರ ಅಂತರ್ಜಾಲಸೇವೆಯೂ ಅಸ್ತಂಗತವಾಯಿತು. ಉತ್ತರಕ್ರಿಯೆಗಳೆಲ್ಲ ಇಂತು ಸಾಂಗವಾಗಿ ನೆರವೇರಿದ ಮೇಲೂ ಪ್ರೇತವು ಮನೆಯನ್ನು ಬಿಡಲೊಲ್ಲದೆ, ಅನೇಕ ಗೃಹಸ್ಥರ ಗಣಕಗಳಲ್ಲಿ ಕುಳಿತು ಕೂಡಿಸುತ್ತ ಕಳೆಯುತ್ತ ಇರುವುದೇ ಪ್ರಕೃತ ವಿಷಯವು.

ಇಲ್ಲಿ ಸಂಶಯವೇನೆಂದರೆ: ಜೀರ್ಣತ್ವವು ಆಧೇಯಧರ್ಮವೋ, ಆಧಾರಧರ್ಮವೋ? ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕೆಂದು 1991ರಲ್ಲಿ ನುಡಿದ ತಂತ್ರಾಂಶವು ಇಂದಿಗೂ ಅದನ್ನೇ ನುಡಿಯುತ್ತಿದ್ದು, ಅದರ ಅಂಕಗಳಿಗೆ ಹುಳು ಹಿಡಿಯದೆ, ಮೊತ್ತಗಳಿಗೆ ತುಕ್ಕು ತಗಲದೆ ಇರುವಲ್ಲಿ ಅದನ್ನು ಜೀರ್ಣವೆನ್ನುವುದು ಹೇಗೆ? ಅತ್ತ, ಅದಕ್ಕೆ ಆಧಾರವಾದ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ತಯಾರಕರ ಪೋಷಣೆಯು ತಪ್ಪಿಹೋದುದರಿಂದ, ನೆಲವೇ ಕುಸಿಯುತ್ತಿರುವ ಮನೆಯಲ್ಲಿ ಕಂಬವೊಂದು ಗಟ್ಟಿಯಾಗಿದ್ದು ಫಲವೇನು?

ಪೂರ್ವಪಕ್ಷಿಗಳು ಚತುರ್ವಿಧರು. ಮೊದಲನೆಯವರಾದ ಸ್ಥಾವರವಾದಿಗಳು, ಹಳೆಯ ಗಣಕವನ್ನು ಅಂತರ್ಜಾಲದ ಸಂಪರ್ಕದಿಂದ ಬಿಡಿಸಿ, ಮಡಿಯಲ್ಲಿ ಕೂಡಿಸಿ, ಆ ಒಂದು ತಂತ್ರಾಂಶಕ್ಕಾಗಿಯೇ ಯಾವಜ್ಜೀವವೂ ವಿದ್ಯುತ್ತನ್ನು ನೈವೇದ್ಯ ಮಾಡತಕ್ಕದ್ದೆನ್ನುವರು. ಆ ವಿದ್ಯುತ್ತಿನ ವೆಚ್ಚವನ್ನು ಅದರಲ್ಲಿಯೇ ಬರೆಯುವುದರಿಂದ ಅದಕ್ಕೆ ಕೆಲಸವೂ ತಪ್ಪುವುದಿಲ್ಲ. ಎರಡನೆಯವರಾದ ಮೇಘವಾದಿಗಳು, ಲೆಕ್ಕವು ಮನೆಯಲ್ಲಿರುವುದೇ ದುಃಖಮೂಲವಾದುದರಿಂದ ಅದನ್ನು ಆಕಾಶಸ್ಥವಾದ ಸೇವೆಗಳಿಗೆ ಒಪ್ಪಿಸತಕ್ಕದ್ದೆನ್ನುವರು. ಇವರ ಪರಮಪ್ರಮಾಣವಾಗಿದ್ದ ‘ಮಿಂಟ್’ ಎಂಬ ಸೇವೆಯು 2007ರಲ್ಲಿ ಹುಟ್ಟಿ, 2009ರಲ್ಲಿ ಅದೇ ಇನ್‌ಟ್ಯೂಟಿನ ವಶವಾಗಿ, 2024ರ ಮಾರ್ಚಿನಲ್ಲಿ ಮುಚ್ಚಲ್ಪಟ್ಟುದರಿಂದ, ಮೇಘಕ್ಕೆ ಚದುರುವಿಕೆಯೇ ಸ್ವಭಾವವೆಂಬ ವೈಶೇಷಿಕ ಲಕ್ಷಣವು ಸಿದ್ಧವಾಯಿತು. ಮೂರನೆಯವರಾದ ಕಂದಾಯವಾದಿಗಳು ಕ್ವಿಕನ್ನನ್ನು ಆಶ್ರಯಿಸುವರು. ಅದು 2018ರ ಆವೃತ್ತಿಯಿಂದೀಚೆಗೆ ಚಂದಾದಾರರಿಗೆ ಮಾತ್ರ ಲಭ್ಯವಾದುದರಿಂದ, ಹಣವು ಎಲ್ಲಿಗೆ ಸೋರುತ್ತಿದೆಯೆಂದು ತಿಳಿಯಲು ವರ್ಷವರ್ಷವೂ ಹಣವನ್ನು ತೆರುವ ಈ ಮತದವರಿಗೆ ಉತ್ತರದ ಒಂದಂಶವಾದರೂ ನಿಶ್ಚಿತವಾಗಿ ದೊರೆಯುವುದು. ನಾಲ್ಕನೆಯವರಾದ ಕಡತವಾದಿಗಳು, ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಶೃಂಗೇರಿ ಮಠದ ಕಡತಗಳನ್ನು ವಿದ್ವಾಂಸರು ಇಂದಿಗೂ ಓದಬಲ್ಲವರಾಗಿರಲು, ಇಪ್ಪತ್ತು ವರ್ಷಗಳ ಹಿಂದಿನ ಸ್ವಂತ ಖಾತೆಯನ್ನೇ ತೆರೆಯಲಾರದ ಗಣಕವೇತಕ್ಕೆಂದು ಕೇಳುವರು. ಇವರ ವಾದವು ಅಖಂಡನೀಯವಾದುದರಿಂದ ಇದನ್ನು ಇಲ್ಲಿ ಪರಿಶೀಲಿಸುವುದಿಲ್ಲ.

ಉತ್ತರಪಕ್ಷವು: ‘ಗ್ನೂಕ್ಯಾಶ್’ ಎಂಬ ಮುಕ್ತ ತಂತ್ರಾಂಶವನ್ನು ಪರಿಗ್ರಹಿಸತಕ್ಕದ್ದು. ಇದು ನಿಶ್ಶುಲ್ಕವಾದುದು, ಯಾವ ಸಂಸ್ಥೆಯ ಪಂಚಾಂಗಕ್ಕೂ ಅಧೀನವಲ್ಲದುದು, ವೆನಿಸ್ಸಿನ ವರ್ತಕರಲ್ಲಿ ರೂಢವಾಗಿದ್ದು, ಲೂಕಾ ಪಚೋಲಿಯೆಂಬ ಸಂನ್ಯಾಸಿಯು 1494ರಲ್ಲಿ ಅಚ್ಚು ಹಾಕಿಸಿದ ಗಣಿತಗ್ರಂಥದಲ್ಲಿ ವಿವರಿಸಲ್ಪಟ್ಟ ದ್ವಿನಮೂದು ಪದ್ಧತಿಯನ್ನು ಅನುಸರಿಸುವಂತಹುದು. ಅಪರಿಗ್ರಹವ್ರತದ ಸಂನ್ಯಾಸಿಯು ಸಂಸಾರಿಗಳಿಗೆ ಜಮಾಖರ್ಚಿನ ಉಪದೇಶವನ್ನು ಮಾಡಿದುದು ಅಧಿಕಾರಿಭೇದವಿಚಾರಕ್ಕೆ ಸೇರಿದುದಾದಕಾರಣ ಅದನ್ನು ಬಿಡುವೆವು.

ಹಳೆಯ ದೇಹದಿಂದ ಹೊಸ ದೇಹಕ್ಕೆ ಲೆಕ್ಕವನ್ನು ಸಾಗಿಸುವ ಸೂಕ್ಷ್ಮಶರೀರಕ್ಕೆ ಕ್ಯೂಐಎಫ್ ಎಂದು ಹೆಸರು. ಇದರ ರಚನೆಯು ಸೂತ್ರಶೈಲಿಯದು: ‘ಡಿ’ ಎಂಬ ಬೀಜಾಕ್ಷರದಿಂದ ದಿನಾಂಕವೂ, ‘ಟಿ’ಯಿಂದ ಮೊತ್ತವೂ, ‘ಪಿ’ಯಿಂದ ಹಣ ಪಡೆದವನ ಹೆಸರೂ, ‘ಎಲ್’ನಿಂದ ಖರ್ಚಿನ ವರ್ಗವೂ ಸೂಚಿತವಾಗಿ, ಪ್ರತಿ ಸೂತ್ರದ ಕೊನೆಯಲ್ಲಿ ಶಿಖರಾಕಾರದ ಚಿಹ್ನೆಯೊಂದು ನಿಲ್ಲುವುದು. ದಿನವು ಮೊದಲೋ ಮಾಸವು ಮೊದಲೋ ಎಂಬುದನ್ನು ಸೂತ್ರಕಾರನು ಹೇಳದೆ ಹೋದುದರಿಂದ, ಮಾರ್ಚ್ 4ರಂದು ಕೊಟ್ಟ ಬಾಡಿಗೆಯು ಏಪ್ರಿಲ್ 3ಕ್ಕೆ ಸಂಕ್ರಮಿಸುವ ಸಂಭವವುಂಟು. ಅಲ್ಲದೆ ‘ಮನಿ’ಯು ಒಮ್ಮೆಗೆ ಒಂದೇ ಖಾತೆಯನ್ನು ಹೊರಗೆಡವುವುದರಿಂದ, ಉಳಿತಾಯಖಾತೆಯಿಂದ ಚಾಲ್ತಿಖಾತೆಗೆ ವರ್ಗವಾದ ನೂರು ಡಾಲರುಗಳು ಅಲ್ಲೊಮ್ಮೆ ಇಲ್ಲೊಮ್ಮೆ ಕಾಣಿಸಿಕೊಂಡು, ಎಚ್ಚರ ತಪ್ಪಿದರೆ ಎರಡಾವರ್ತಿ ಎಣಿಸಲ್ಪಡುವುವು. ಸಮತೂಗದ ಮೊತ್ತಗಳಿಗಾಗಿ ಗ್ನೂಕ್ಯಾಶ್ ತಾನಾಗಿಯೇ ‘ಅಸಮತೋಲ’ ಎಂಬ ಖಾತೆಯನ್ನೂ, ತಂದೆತಾಯಿಗಳು ತಿಳಿಯದ ಮೊತ್ತಗಳಿಗಾಗಿ ‘ಅನಾಥ’ ಎಂಬ ಖಾತೆಯನ್ನೂ ತೆರೆಯುವುದು. ಗೃಹಸ್ಥನು ಆವರೆಗೆ ತನ್ನ ಸಂಸಾರದಲ್ಲಿ ಇಲ್ಲವೆಂದು ನಂಬಿದ್ದ ಇವೆರಡೂ ಅವನಿಗೆ ಅಂದು ದೃಗ್ಗೋಚರವಾಗುವುವು.

ಇನ್ನು ನಿರ್ಣಯವು. ಹಳೆಯದರ ಮೊತ್ತವೂ ಹೊಸದರ ಮೊತ್ತವೂ ಸರಿಹೊಂದುವವರೆಗೆ ಎರಡನ್ನೂ ಇರಿಸಿಕೊಳ್ಳತಕ್ಕದ್ದೆಂಬುದು ಶಿಷ್ಟಾಚಾರ. ಅವು ಸರಿಹೊಂದುವುದಿಲ್ಲವೆಂಬುದು ಅನುಭವ. ಸರಿಹೊಂದಿದೆಯೇ ಎಂದು ನೋಡಲು ಪ್ರತಿ ಖರ್ಚನ್ನೂ ಎರಡೂ ಕಡೆ ಬರೆಯಬೇಕಾಗುವುದರಿಂದ ದ್ವಿನಮೂದು ಪದ್ಧತಿಯು ಚತುರ್ನಮೂದಾಗಿ ವೃದ್ಧಿಸುವುದು. ಆದಕಾರಣ ಗೃಹಗಣಕದಲ್ಲಿ ಲೆಕ್ಕದ ತಂತ್ರಾಂಶಕ್ಕೆ ವಿಸರ್ಜನೆಯೆಂಬುದಿಲ್ಲ, ಸವತಿಯ ಆಗಮನವು ಮಾತ್ರವೇ ಉಂಟೆಂದು ಸಿದ್ಧವಾಯಿತು.

ಕೊಂಡ ತಂತ್ರಾಂಶದ ಬೆಲೆಯನ್ನು ಹಳೆಯದರಲ್ಲಿ ಬರೆದರೆ ಹಳೆಯದು ಮುಗಿಯದು, ಹೊಸದರಲ್ಲಿ ಬರೆದರೆ ತನ್ನ ಜನನಕ್ಕೆ ಪೂರ್ವದ ಖರ್ಚಿಗೆ ಅದು ಸಾಕ್ಷಿಯಾಗಬೇಕಾಗುವುದು ಎಂಬ ದೋಷವು ನಿಶ್ಶುಲ್ಕವಾದ ಗ್ನೂಕ್ಯಾಶಿಗೆ ತಗಲದಷ್ಟೆ. ಆದರೆ ಹಳೆಯ ಖಾತೆಗಳ ಪ್ರತಿಯನ್ನು ಭದ್ರಪಡಿಸಲೆಂದು ಈ ಮಧ್ಯೆ ಕೊಂಡ ಪೆನ್‌ಡ್ರೈವಿನ ಕ್ರಯವನ್ನು ಎಲ್ಲಿ ಬರೆಯತಕ್ಕದ್ದೆಂದು ಯಾರಾದರೂ ಆಕ್ಷೇಪಿಸಿದಲ್ಲಿ, ‘ಇತರೆ ಖರ್ಚು’ ಎಂಬಲ್ಲಿ ಬರೆಯತಕ್ಕದ್ದು. ತರ್ಕವು ಸೋತಲ್ಲಿ ಸಕಲ ಗೃಹಸ್ಥರಿಗೂ ಸಕಲ ತಂತ್ರಾಂಶಗಳಲ್ಲಿಯೂ ಆ ಖಾತೆಯೇ ಗತಿಯೆಂದು ತಿಳಿಯತಕ್ಕದ್ದು.