ನಮ್ಮ ಕೇರಿಯ ಸ್ಪ್ಯಾನರ್ ರಾಯರು

ಕಾವೂರಿನ ನಮ್ಮ ಕೇರಿಯಲ್ಲಿ ಬಾವಿಯ ಪಂಪು ಕೆಟ್ಟರೆ ಮೊದಲ ಫೋನು ಹೋಗುತ್ತಿದ್ದುದು ಮೆಕ್ಯಾನಿಕ್‌ಗಲ್ಲ, ರಾಯರಿಗೆ. ಹೆಸರು ಬೇಡ. ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಟೌನ್‌ಶಿಪ್ ಇರುವ ಊರಿದು, ನಿವೃತ್ತ ಮೆಕ್ಯಾನಿಕಲ್ ಇಂಜಿನಿಯರುಗಳಿಗೆ ಬರವಿಲ್ಲ. ನಾನು ಹೇಳುತ್ತಿರುವುದು ಅದೇ ಕಂಪನಿಯ ಪಣಂಬೂರು ಘಟಕದಲ್ಲಿ ನನ್ನ ಜೊತೆ ದುಡಿದು, ಕಳೆದ ಮಳೆಗಾಲದಲ್ಲಿ ತೀರಿಕೊಂಡ ರಾಯರ ವಿಷಯ. ಓದುವಾಗ ನಿಮ್ಮ ಕೇರಿಯವರು ನೆನಪಾದರೆ ಅದು ನನ್ನ ತಪ್ಪಲ್ಲ.

ರಾಯರಿಗೆ ಕಣ್ಣಿಗಿಂತ ಕಿವಿಯ ಮೇಲೆ ಭರವಸೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಗೂಡಿಗೆ ಒತ್ತಿ, ಹಿಡಿಕೆಯನ್ನು ಕಿವಿಗಾನಿಸಿ, ಕಣ್ಣು ಮುಚ್ಚಿ ನಿಂತರೆ ಭಾಗವತರ ಪದ ಕೇಳುತ್ತಿರುವ ಯಕ್ಷಗಾನದ ಹುಚ್ಚರೇ ಸರಿ. ಆಮೇಲೆ ತೀರ್ಪು: "ಒಳಗಿನ ರೇಸ್ ಹೋಗಿದೆ ಮಾರಾಯ್ರೆ. ಭಾನುವಾರದವರೆಗೆ ಎಳೀಬಹುದು." ಕಂಪನ ಅಳೆಯುವ ಮೀಟರು ಬಂದ ಮೇಲೂ ಕ್ರಮ ಬದಲಾಗಲಿಲ್ಲ. ಮೀಟರೂ ಅದನ್ನೇ ಹೇಳಿದರೆ, "ಅಡ್ಡಿಲ್ಲ, ಇದಕ್ಕೂ ಬುದ್ಧಿ ಉಂಟು" ಎಂದು ಅದರ ಬೆನ್ನು ತಟ್ಟುತ್ತಿದ್ದರು.

ಮಿಷಿನು ನಿಂತಾಗ "ಯಾರು ಮಾಡಿದ್ದು?" ಎಂದು ಕೇಳುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ರಾಯರು ಕೇಳುತ್ತಿದ್ದುದು "ಎಂತ ಶಬ್ದ ಬಂತು?" ಎಂದು. ಅಪ್ರೆಂಟಿಸ್ ಹುಡುಗನಿಗೂ 'ನೀವು'. ಹುಡುಗ ಹೆದರದೆ ಇದ್ದದ್ದು ಇದ್ದಹಾಗೆ ಹೇಳುತ್ತಿದ್ದ, ಅರ್ಧ ರಿಪೇರಿ ಅಲ್ಲಿಗೇ ಮುಗಿಯುತ್ತಿತ್ತು.

ನಾವು ದುಡಿಯುತ್ತಿದ್ದಾಗ ಕುದುರೆಮುಖದ ಅದಿರಿನ ಪುಡಿ ನೀರಿನಲ್ಲಿ ಕಲಸಿಕೊಂಡು ಸುಮಾರು 67 ಕಿ.ಮೀ. ಪೈಪಿನೊಳಗೆ ಘಟ್ಟ ಇಳಿದು ಪಣಂಬೂರಿಗೆ ಬರುತ್ತಿತ್ತು. ಹರಿವು ತೀರಾ ನಿಧಾನವಾದರೆ ಪುಡಿ ತಳ ಹಿಡಿದು ಪೈಪು ಕಟ್ಟಿಕೊಳ್ಳುತ್ತದೆ. ಈ ಭಯ ರಾಯರಿಗೆ ಎಷ್ಟು ಮೈಗೂಡಿತ್ತೆಂದರೆ, ಮದುವೆಮನೆಯಲ್ಲಿ ವಧೂವರರನ್ನು ನೋಡುವ ಮೊದಲು ಪಾಯಸದ ಕೊಪ್ಪರಿಗೆ ನೋಡಿ ಬರುತ್ತಿದ್ದರು. "ಭಟ್ರೇ, ಸೌಟು ನಿಲ್ಲಿಸ್ಬೇಡಿ, ಸೆಟ್ಲ್ ಆಗ್ತದೆ." ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಪಾಯಸದ ತಪಾಸಣೆ ನಿಲ್ಲಲಿಲ್ಲ.

ಬಾವಿ ಪಂಪಿನ ರಿಪೇರಿಗೆ ಫೀಸು ಒಂದು ಲೋಟ ಮಜ್ಜಿಗೆ, ಜೊತೆಗೆ ಒಂದು ಉಪನ್ಯಾಸ ಕೇಳುವ ಶಿಕ್ಷೆ. ಬೇಸಿಗೆಯಲ್ಲಿ ನೀರು ಕೆಳಗಿಳಿದು ಪಂಪು ಬರೀ ಬೊಬ್ಬೆ ಹಾಕುತ್ತಿದ್ದರೆ, ಮನೆಯವರು ಹೊಸ ಮೋಟಾರು ತರಲು ಹೊರಡುತ್ತಾರೆ. ರಾಯರು ಬಾವಿಕಟ್ಟೆಯಲ್ಲಿ ಕೂತು ತಡೆಯುತ್ತಿದ್ದರು: "ಮೇಲೆ ಕೂತ ಪಂಪು ನೀರು ಎಳೆಯುವುದಲ್ಲ, ಹೊರಗಿನ ಗಾಳಿ ನೀರನ್ನು ದೂಡುವುದು. ಗಾಳಿಯ ತಾಕತ್ತು ಲೆಕ್ಕದಲ್ಲೇ ಹತ್ತು ಮೀಟರು ಚಿಲ್ಲರೆ, ನಿಮ್ಮ ಬಾವಿಯಲ್ಲಿ ಅಷ್ಟೂ ಸಿಗ್ಲಿಕ್ಕಿಲ್ಲ. ಐದು ಎಚ್‌ಪಿ ತಂದ್ರೂ ಅಷ್ಟೇ. ಪಂಪನ್ನು ಕೆಳಗಿಳಿಸಿ." ಇಳಿಸಿದರೆ ನೀರು ಬರುತ್ತಿತ್ತು. ಬರದಿದ್ದರೆ ಫುಟ್‌ವಾಲ್ವಿನಲ್ಲಿ ಮಾವಿನೆಲೆ ಸಿಕ್ಕಿರುತ್ತಿತ್ತು. ಅದನ್ನು ತೆಗೆದು, ಒಂದು ಕೊಡಪಾನ ನೀರು ಹೊಯ್ದು ಸ್ವಿಚ್ ಒತ್ತಿಸುತ್ತಿದ್ದರು. ನೀರು ಬಂದದ್ದಕ್ಕಿಂತ ತಮ್ಮ ಮಾತು ನಿಜವಾದದ್ದೇ ಅವರಿಗೆ ಹೆಚ್ಚು ಖುಷಿ ಎಂದು ನನ್ನ ಗುಮಾನಿ.

ರಾಯರ ಮನೆಯ ಹಿಂದಿನ ಜಗಲಿಯ ಗೋಡೆಯಲ್ಲಿ ಸ್ಪ್ಯಾನರುಗಳ ಸಾಲು, ಪ್ರತಿಯೊಂದರ ಹಿಂದೆ ಅದರ ಆಕಾರಕ್ಕೆ ಬಳಿದ ಕೆಂಪು ಬಣ್ಣ. ಯಾರಾದರೂ ಒಯ್ದರೆ ಕೆಂಪು ಕಾಣಬೇಕು. ಅವರು ತೀರಿಕೊಂಡಾಗ ಗೋಡೆಯ ಮುಕ್ಕಾಲು ಭಾಗ ಕೆಂಪೇ. ಉತ್ತರಕ್ರಿಯೆಗೆ ಬಂದವರು ರಾಯರ ಹೆಂಡತಿ, ನಮ್ಮೆಲ್ಲರ ಅಮ್ಮನವರಿಗೆ ಕೈಮುಗಿದು, ಮೆಲ್ಲನೆ ಹಿಂದಕ್ಕೆ ಹೋಗಿ ಒಂದೊಂದೇ ತೂಗುಹಾಕಿದರು. 16-17ರದ್ದು ಎರಡೆರಡು ಬಂದವು, ರಾಯರ ಬಳಿ ಇದ್ದದ್ದು ಒಂದೇ.

ಈಗ ಸ್ಪ್ಯಾನರು ಬೇಕಾದವರು ಅಮ್ಮನವರನ್ನು ಕೇಳಬೇಕು. ಅವರು ನೋಟ್‌ಬುಕ್ ಇಟ್ಟಿದ್ದಾರೆ. "ಸಹಿ ಹಾಕಿ ತಗೊಂಡೋಗಿ. ಉಪನ್ಯಾಸ ಇಲ್ಲ, ಮಜ್ಜಿಗೆಯೂ ಬೇಡ. ಸಂಜೆ ಆರರೊಳಗೆ ವಾಪಸ್."