ಐಸಿಎಸ್ ಪಾಸಾದ ಗಿಟಾರು

ರಸಮಂಜರಿ ತಂಡವಿರುವ ಊರಲ್ಲೆಲ್ಲ ಇಂಥವನೊಬ್ಬ ಇದ್ದೇ ಇರುತ್ತಾನೆ. ಹಾಡಿದವರ ಹೆಸರು ಅವನಿಗೆ ನೆನಪಿರುವುದಿಲ್ಲ, ಅವರು ಹಿಡಿದಿದ್ದ ಮೈಕಿನ ಕಂಪನಿ ನೆನಪಿರುತ್ತದೆ. ನೀವು ಹೊಸ ಗಿಟಾರು ತಂದು ಕೈಗೆ ಕೊಟ್ಟರೆ ಮೊದಲು ಅದರ ತಲೆ ನೋಡಿ ಹೆಸರು ಓದುತ್ತಾನೆ. ಆಮೇಲೆ ಬೆನ್ನು ತಿರುಗಿಸಿ ನಂಬರು ಓದುತ್ತಾನೆ. ಬೆರಳ ಗೆಣ್ಣಿನಿಂದ ಮರ ಕುಟ್ಟಿ, ಒಮ್ಮೆ ಮೂಸಿ, "ಎಲ್ಲಿ ಮಾಡಿದ್ದು?" ಎಂದು ಕೇಳುತ್ತಾನೆ. ಅಮೆರಿಕ ಎಂದರೆ ಕಣ್ಣು ಮುಚ್ಚಿ ತಲೆದೂಗುತ್ತಾನೆ. ಬೇರೆ ಯಾವ ದೇಶದ ಹೆಸರು ಹೇಳಿದರೂ "ಇರ್ಲಿ, ಕಲಿಯಾಕ ಸಾಕು" ಎಂದು ಹಿಂದಿರುಗಿಸುತ್ತಾನೆ. ಇಷ್ಟಾದರೂ ತಂತಿಯನ್ನು ಒಮ್ಮೆಯೂ ಮೀಟಿರುವುದಿಲ್ಲ.

ದೇವನಕೊಂಡದಲ್ಲಿ ಈ ಹುದ್ದೆ ನಮ್ಮ ಗಿಟಾರ್ ಮಾಮನದು. ಹಗಲು ಆದೋನಿಯ ಹತ್ತಿ ಮಂಡಿಯಲ್ಲಿ ಗುಮಾಸ್ತ. ರಾತ್ರಿ ಮದುವೆ, ಜಾತ್ರೆ, ಗಣೇಶನ ಪೆಂಡಾಲುಗಳಲ್ಲಿ ಲೀಡ್ ಗಿಟಾರು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿತು. ಪೆಂಡಾಲಿನ ಮುಂದೆ ಕೂತವರು ಮಾತ್ರ ಆ ಗಡಿಯನ್ನು ಇನ್ನೂ ಒಪ್ಪಿಲ್ಲ. ಒಂದು ಘಂಟಸಾಲ ಮುಗಿದರೆ ಒಂದು ರಾಜ್‌ಕುಮಾರ್ ಬೇಕು. ಇಂಥ ಹಾಡೇ ಬೇಕೆಂದು ಎರಡೂ ಕಡೆಯವರು ಕಳಿಸುವ ಚೀಟಿಗಳ ಜಗಳ ನಿಲ್ಲುವುದು ಎಸ್‌ಪಿಬಿ ಹಾಡು ಶುರುವಾದಾಗಲೇ.

1981ರ 'ಗೀತಾ' ಚಿತ್ರದಲ್ಲಿ ಇಳಯರಾಜ ಮಾಡಿದ ಸಂಗೀತ ಕೇಳಿ ಮಾಮನಿಗೆ ಗಿಟಾರಿನ ಹುಚ್ಚು ಹತ್ತಿತಂತೆ. ಆಗ ನಮ್ಮ ಕಡೆಯ ಹುಡುಗರ ಕೈಗೆಟುಕುತ್ತಿದ್ದದ್ದು ಕೋಲ್ಕತ್ತದ ಗಿವ್ಸನ್. ಅಮೆರಿಕದ ಗಿಬ್ಸನ್ನಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ, ನಡುವೆ ಒಂದು ಅಕ್ಷರವೂ ಒಂದೆರಡು ಸಮುದ್ರವೂ ಇವೆ. ಮಾಮ ಒಂದು ಡಬ್ಬಿ ಬಿಳಿ ಪೇಂಟು ತಂದು, ಇಂಗ್ಲಿಷಿನ ವಿ ಅಕ್ಷರಕ್ಕೆ ಬೆನ್ನೂ ಎರಡು ಹೊಟ್ಟೆಯೂ ಬರೆದು ಬಿ ಮಾಡಿದ. ಒಂದೇ ಮಧ್ಯಾಹ್ನದಲ್ಲಿ ಕೋಲ್ಕತ್ತದಿಂದ ಅಮೆರಿಕ ತಲುಪಿದ. ಪೇಂಟು ಒಣಗಿದ ಮೇಲೆ ನಾದವೇ ಬದಲಾಯಿತು ಎಂದು ಇವತ್ತಿಗೂ ಆಣೆ ಮಾಡುತ್ತಾನೆ.

ಮುಂದೆ ಕಂತಿನ ಮೇಲೆ ಒಂದು ಸ್ಕ್ವಯರ್ ಬಂತು. ಸ್ಕ್ವಯರ್ ಅಂದರೆ ಫೆಂಡರ್ ಕಂಪನಿ 1982ರಿಂದ ತನ್ನ ಕಡಿಮೆ ದರದ ಗಿಟಾರುಗಳಿಗೆ ಇಡುತ್ತಿರುವ ಹೆಸರು. ತಲೆಯ ಮೇಲೆ 'ಸ್ಕ್ವಯರ್' ಎಂದು ದಪ್ಪಗೆ ಬರೆದಿರುತ್ತದೆ, ಅದರ ಕೆಳಗೆ 'ಬೈ ಫೆಂಡರ್' ಎಂದು ಸಣ್ಣಗೆ. ಮಾಮ ಗಿಟಾರು ತೋರಿಸುವಾಗ ದಪ್ಪ ಅಕ್ಷರದ ಮೇಲೆ ಹೆಬ್ಬೆರಳು ಇಟ್ಟುಕೊಂಡು ಸಣ್ಣ ಅಕ್ಷರವನ್ನು ತೋರುಬೆರಳಲ್ಲಿ ತೋರಿಸುತ್ತಿದ್ದ. ಫೋಟೊ ತೆಗೆಸಿಕೊಳ್ಳುವಾಗಲೂ ಹೆಬ್ಬೆರಳು ಅಲ್ಲೇ.

ತಲೆಯ ಹಿಂಬದಿಯ ನಂಬರಂತೂ ಅವನ ಪಾಲಿಗೆ ಬಿರುದಾವಳಿ. ಅದು ಐ, ಸಿ, ಎಸ್ ಎಂಬ ಮೂರು ಅಕ್ಷರಗಳಿಂದ ಶುರುವಾಗುತ್ತಿತ್ತು. "ನೋಡ್ರಲೇ, ಐಸಿಎಸ್! ಕಲೆಕ್ಟರ್ ದರ್ಜೆದು!" ಎಂದು ಹುಡುಗರಿಗೆ ಹೇಳಿದರೆ ಅವರೂ ನಂಬುತ್ತಿದ್ದರು. ನಂಬದೆ ಏನು? ಒಂದು ಕಾಲಕ್ಕೆ ಇಲ್ಲಿಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೊ 1827ರಲ್ಲಿ ಕಾಲರಾ ತಗುಲಿ ಕಣ್ಣು ಮುಚ್ಚಿದ್ದು ನಮ್ಮ ಪಕ್ಕದ ಪತ್ತಿಕೊಂಡದಲ್ಲಿ. ಅವನ ಮೇಲಿನ ಪ್ರೀತಿಗೆ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟ ಸೀಮೆ ಇದು. ಕಲೆಕ್ಟರ್ ಎಂದರೆ ಇಲ್ಲಿ ಗಿಟಾರಿಗೂ ನಮಸ್ಕಾರ ಬೀಳುತ್ತದೆ.

ಲಿಯೊ ಫೆಂಡರನ ಜೀವನಚರಿತ್ರೆ ಮಾಮನಿಗೆ ಕಂಠಪಾಠ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ, 1954ರಲ್ಲಿ ಸ್ಟ್ರ್ಯಾಟೊಕ್ಯಾಸ್ಟರ್ ತಂದ, ಆದರೆ ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಇದೆಲ್ಲ ನಿಜವೇ. ಈ ಕೊನೆಯ ಸಂಗತಿಯನ್ನು ಮಾಮ ಬಳಸುತ್ತಿದ್ದುದು ವೇದಿಕೆಯ ಮೇಲೆ ಸ್ವರ ತಪ್ಪಿದಾಗ: "ಫೆಂಡರ್‌ಗೇ ಬರ್ತಿರ್ಲಿಲ್ಲ, ನನಗೇನು ಹೇಳ್ತಿ?" ಪೆಂಡಾಲಿನ ಟ್ಯೂಬ್‌ಲೈಟು, ಜನರೇಟರುಗಳ ನಡುವೆ ಅವನ ಗಿಟಾರು ಗುಂಯ್ ಎನ್ನುತ್ತಿತ್ತು. ತಂತಿಯ ಅದುರನ್ನು ಹಿಡಿಯುವ ಪಿಕಪ್ಪು ಒಂಟಿ ಸುರುಳಿಯದಾದರೆ ಸುತ್ತಲ ಕರೆಂಟಿನ ಸದ್ದನ್ನೂ ಹೀರಿಕೊಳ್ಳುತ್ತದೆ, ಅದು ಅದರ ಹುಟ್ಟುಗುಣ. ಮಾಮ ಅದಕ್ಕೆ 'ಒರಿಜಿನಲ್ ಸೌಂಡ್' ಎಂದು ಹೆಸರಿಟ್ಟು ಇನ್ನಷ್ಟು ವಾಲ್ಯೂಮ್ ಕೊಡುತ್ತಿದ್ದ.

ಸೋಜಿಗವೆಂದರೆ ಇದೇ ಮನುಷ್ಯ ಮಂಡಿಯಲ್ಲಿ ಬೇರೆ. ರೈತ ಹತ್ತಿ ತಂದು ಸುರಿದರೆ ಊರು ಕೇಳುವುದಿಲ್ಲ, ಬೀಜದ ಕಂಪನಿ ಕೇಳುವುದಿಲ್ಲ. ಒಂದು ಚಿಟಿಕೆ ಎತ್ತಿ, ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆಯುತ್ತಾನೆ. ಎಳೆ ಎಷ್ಟುದ್ದ ಬಂತು, ಎಲ್ಲಿ ತುಂಡಾಯಿತು, ಕೈಗೆ ಎಷ್ಟು ಪಸೆ ತಟ್ಟಿತು, ಅಷ್ಟರ ಮೇಲೆ ದರ ಹೇಳುತ್ತಾನೆ. ಆ ದರ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಅದೇ ಬೆರಳುಗಳು ಗಿಟಾರಿನ ಮುಂದೆ ಬಂದರೆ ಕೆಲಸ ಬಿಟ್ಟು ಕಣ್ಣಿಗೆ ಅಧಿಕಾರ ವಹಿಸಿಕೊಡುತ್ತಿದ್ದವು. ಅತ್ತೆಯ ಮಾತೇ ಸರಿ: "ಮಳಿ ಬಂದ್ರ ತುಗ್ಗಲಿ, ಜೊನ್ನಗಿರಿ ಹೊಲದಾಗ ಮಂದಿ ವಜ್ರ ಹುಡುಕ್ತಾರ. ಇವ್ರು ವರ್ಷಪೂರ್ತಿ ಕಟ್ಟಿಗಿ ಮ್ಯಾಲೆ ಹೆಸರು ಹುಡುಕ್ತಾರ."

ಇಂಥ ಸಂಸ್ಥಾನಕ್ಕೆ ಬಳ್ಳಾರಿಯಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಹೊಸ ಗಿಟಾರಿನೊಂದಿಗೆ ಬಂದ. ಆಕಾರ ಅದೇ ಎರಡು ಕೊಂಬಿನದು, ಬಣ್ಣ ಮಾಮನದರಂತೆಯೇ ಕಪ್ಪು. ತಲೆಯ ಮೇಲಿದ್ದ ಹೆಸರು: ಕೋರ್ಟ್.

"ಏನಲೇ ಇದು, ಹೆಸರೇ ಕೇಳಿಲ್ಲ!" ಎಂದು ಮಾಮ ಮೂಸಿಯೂ ನೋಡಲಿಲ್ಲ. ರಾತ್ರಿ ಫೋನಿನಲ್ಲಿ ಕೀಬೋರ್ಡಿನವನಿಗೆ "ನಮ್ಮ ತಂಡದಾಗ ಕೋರ್ಟ್ ಬಂದೈತೋ, ಮರ್ಯಾದಿ ಹೋತು" ಎಂದು ಹೇಳುತ್ತಿದ್ದುದು ಅತ್ತೆಯ ಕಿವಿಗೆ ಬಿತ್ತು. ಬದುವಿನ ತಂಟೆಗಳು ತಲೆಮಾರು ದಾಟುವ ಜಿಲ್ಲೆಯಲ್ಲಿ ಇದಕ್ಕೆ ಒಂದೇ ಅರ್ಥ. ಬೆಳಗಾಗುವುದರೊಳಗೆ ಮೂವರು ಬೀಗರು ಬಂದು ಕೂತು, ಯಾವ ಸರ್ವೆ ನಂಬರು, ಯಾವ ವಕೀಲ ಎಂದು ವಿಚಾರಿಸತೊಡಗಿದ್ದರು. ಚಹಾ ಕುಡಿದು, ಗಿಟಾರಿನ ವಿಷಯ ಎಂದು ಗೊತ್ತಾಗಿ, ಬೇಸರದಿಂದ ಎದ್ದುಹೋದರು.

ತೀರ್ಪು ಬಂದದ್ದು ಆಯುಧಪೂಜೆಯ ದಿನ. ತಂಡದ ವಾದ್ಯಗಳನ್ನೆಲ್ಲ ಜಮಖಾನದ ಮೇಲೆ ಸಾಲಾಗಿ ಇಟ್ಟು ವಿಭೂತಿ ಬಳಿದು, ಕುಂಕುಮ ಹಚ್ಚಿ, ಗಿಟಾರುಗಳ ತಲೆಗೆ ಚೆಂಡುಹೂವಿನ ಸರವನ್ನು ಬಿಗಿಯಾಗಿ ಸುತ್ತಿದ್ದರು. ಬೂದುಗುಂಬಳ ಒಡೆದ ಗಡಿಬಿಡಿಯಲ್ಲಿ, ರಾತ್ರಿಯ ಕಾರ್ಯಕ್ರಮಕ್ಕೆ ಮಾಮ ಕಪ್ಪು ಗಿಟಾರೊಂದನ್ನು ಕೊರಳಿಗೆ ಹಾಕಿಕೊಂಡು ವೇದಿಕೆ ಹತ್ತಿದ. ಪೂಜೆಯ ಹೂವನ್ನು ಅವತ್ತೇ ತೆಗೆಯಬಾರದೆಂದು ಅತ್ತೆಯ ಆಜ್ಞೆ.

ಎರಡನೆಯ ಹಾಡಿಗೇ ಅವನ ಮುಖ ಅರಳಿತು. ಜನರೇಟರು ಪಕ್ಕದಲ್ಲೇ ಇದ್ದರೂ ಗುಂಯ್ ಇಲ್ಲ. ಹಿಂದಿನ ಪಿಕಪ್ಪು ಜೋಡಿ ಸುರುಳಿಯದು. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದರೆ ಎರಡರ ಗುಂಯ್ ಒಂದನ್ನೊಂದು ನುಂಗಿಹಾಕುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಕಂಡುಕೊಂಡ ಉಪಾಯ ಅದು. ನೆಕ್ಕಿನ ಅಂಚು ಕೂಡ ಅಂಗೈಗೆ ನುಣ್ಣಗಿತ್ತು. ನಮ್ಮ ಬೇಸಿಗೆಗೆ ಮರ ಒಣಗಿ ಕುಗ್ಗಿದರೆ ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಫ್ರೆಟ್ಟಿನ ತಂತಿಯ ತುದಿಗಳು ಹೊರಗೆ ಇಣುಕಿ ಕೈ ಗೀರುತ್ತವೆ, ಮಾಮನ ಎಡ ಅಂಗೈ ಅದಕ್ಕೆ ಒಗ್ಗಿಹೋಗಿತ್ತು. ಇಲ್ಲಿ ತುದಿಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದ್ದರು. ತಂತಿ ಪಟ್ಟಿಗೆ ಎಷ್ಟು ಬೇಕೋ ಅಷ್ಟು ಹತ್ತಿರ. ಮಂಡಿಯಲ್ಲಿ ಹತ್ತಿ ಎಳೆಯುವ ಬೆರಳುಗಳಿಗೆ ಸತ್ಯ ತಿಳಿದುಹೋಯಿತು. ಮಾಮ ಮೈಕು ಎಳೆದುಕೊಂಡು ಸಾರಿದ: "ಕೇಳ್ರಿ, ಕೇಳ್ರಿ! ಫೆಂಡರ್ ಅಂದ್ರ ಇದು! ಪೂಜಿ ಫಲ ಕೊಟ್ಟೈತಿ!"

ಚೆಂಡುಹೂವಿಗೆ ಇಷ್ಟು ಹೊಗಳಿಕೆ ತಡೆಯಲಾಗಲಿಲ್ಲವೋ ಏನೋ, ಆರನೆಯ ಹಾಡಿಗೆ ಸರ ಸಡಿಲಾಗಿ ಜಾರಿತು. ಮುಂದಿನ ಸಾಲಿನ ಮಕ್ಕಳು ಜೋರಾಗಿ ಓದಿದರು: "ಕೋ...ರ್ಟ್!"

ಕಾರ್ಯಕ್ರಮ ಮುಗಿದ ಮೇಲೆ ಹುಡುಗ ಮಾಮನ ಸ್ಕ್ವಯರನ್ನು ಬೆನ್ನು ಮೇಲಾಗಿ ತೊಡೆಯ ಮೇಲಿಟ್ಟುಕೊಂಡ. "ಮಾಮಾ, ಬ್ಯಾಸರ ಮಾಡ್ಕೊಬ್ಯಾಡ. ಐ ಅಂದ್ರ ಇಂಡೋನೇಷ್ಯಾ. ಸಿ ಅಂದ್ರ ಕಾರ್‌ಟೆಕ್, ಅಂದ್ರ ಕೋರ್ಟ್ ಕಂಪನಿ. ಎಸ್ ಅಂದ್ರ ಸ್ಕ್ವಯರ್. ನಿನ್ನದೂ ಅವರೇ ಮಾಡಿದ್ದು."

ಕಲೆಕ್ಟರ್ ಸಾಹೇಬರು ಅಲ್ಲೇ ವರ್ಗವಾದರು. ಮಾಮ ಕೊನೆಯ ಹುಲ್ಲುಕಡ್ಡಿ ಹಿಡಿದ: "ಕಟ್ಟಿಗಿ? ಕಟ್ಟಿಗಿ ಅಮೆರಿಕದ್ದಲ್ಲೇನು? ರೋಸ್‌ವುಡ್!" ರೋಸ್‌ವುಡ್ ಎಂದರೆ ಹೆಚ್ಚಿನಂಶ ನಮ್ಮ ಬೀಟೆ ಎಂದು ಹುಡುಗ ಬಿಡಿಸಿ ಹೇಳಿದ. ಬ್ರೆಜಿಲಿನ ಬೀಟೆಯ ವ್ಯಾಪಾರಕ್ಕೆ 1992ರಲ್ಲಿ ಅಂತಾರಾಷ್ಟ್ರೀಯ ತಡೆ ಬಿತ್ತು. ಅದಕ್ಕೂ ಮುಂಚಿನಿಂದಲೇ ಜಗತ್ತಿನ ಗಿಟಾರುಗಳು ಭಾರತದ ಬೀಟೆಯ ಮೇಲೆ ಆಸೆ ಇಟ್ಟುಕೊಂಡಿದ್ದವು. ಮಲೆನಾಡಿನ ಹಳೆಯ ಮನೆಗಳ ಮಂಚವೂ ಹೊರದೇಶದ ಗಿಟಾರಿನ ಪಟ್ಟಿಯೂ ಒಂದೇ ಜಾತಿಯ ಮರ. ಮಾಮ ಮಾತಾಡದೆ ಎರಡು ಲೋಟ ಚಹಾ ಕುಡಿದ.

ಈಗ ಮಾಮನ ಹತ್ತಿರವೂ ಒಂದು ಕೋರ್ಟ್ ಇದೆ. ಮತ ಬದಲಾಯಿಸಿದವರ ಹುರುಪು ಗೊತ್ತಲ್ಲ? 1973ರಲ್ಲಿ ಕೊರಿಯಾದಲ್ಲಿ ಹುಟ್ಟಿದ ಕಂಪನಿ, ಇಂಡೋನೇಷ್ಯಾದ ಸುರಬಾಯ ಕಡೆಯ ಕಾರ್ಖಾನೆಯಲ್ಲಿ ಐಬನೆಜ್‌ಗೂ ಪಿಆರ್‌ಎಸ್‌ನ ಅಗ್ಗದ ಸಾಲಿಗೂ ಗಿಟಾರು ಮಾಡಿಕೊಡುತ್ತದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾನೆ. ಗಿಬ್ಸನ್ನಿನ ಮಾಲೀಕರು 1977ರಲ್ಲಿ ಐಬನೆಜ್‌ನ ಅಮೆರಿಕದ ವ್ಯಾಪಾರಿಗಳ ಮೇಲೆ ಗಿಟಾರಿನ ತಲೆಯ ಆಕಾರಕ್ಕೇ ದಾವೆ ಹೂಡಿದ್ದನ್ನು ಹೇಳಿ, "ನಾದಕ್ಕಲ್ಲ, ತಲಿಗೆ ಹೊಡೆದಾಡ್ಯಾರ!" ಎಂದು ನಗುತ್ತಾನೆ. ಮೊನ್ನೆ ಒಬ್ಬ ಹುಡುಗ ಕಷ್ಟಪಟ್ಟು ದುಡ್ಡು ಕೂಡಿಸಿ ನಿಜವಾದ ಫೆಂಡರ್ ತಂದ. ಮಾಮ ಮರುಕದಿಂದ ಅವನ ಬೆನ್ನು ಸವರಿದ: "ಪಾಪ, ಹೆಸರಿಗೆ ರೊಕ್ಕ ಸುರಿದಿ." ಆ ಗಿಟಾರನ್ನೂ ಅವನು ಮೀಟಿ ನೋಡಲಿಲ್ಲ. ದೇವರು ಬದಲಾದ, ಭಕ್ತ ಬದಲಾಗಲಿಲ್ಲ.

ಒಂದು ಲಾಭ ಮಾತ್ರ ಆಗಿದೆ. ನೆಕ್ಕಿನೊಳಗಿನ ಸರಳನ್ನು ಷಟ್ಕೋನದ ಕೀಲಿಯಿಂದ ತಿರುಗಿಸಿ ಬಾಗು ಸರಿಮಾಡುವುದು, ತಂತಿಯ ಎತ್ತರ ಇಳಿಸುವುದು, ಫ್ರೆಟ್ಟಿನ ತುದಿ ಉಜ್ಜುವುದು ಈಗ ಅವನಿಗೆ ಕೈವಶ. ಆ ಕೆಲಸ ಮಾಡುವಾಗ ಕಂಪನಿ ಕೇಳುವುದನ್ನು ಮರೆಯುತ್ತಾನೆ, ಬೆರಳು ಮಾತ್ರ ಓಡಾಡುತ್ತಿರುತ್ತದೆ. ಆದ್ದರಿಂದ ಗಿಟಾರು ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ: ಅಂಗಡಿಗೆ ಹೋಗುವಾಗ ಮಾಮನನ್ನು ಕರೆದುಕೊಂಡು ಹೋಗಬೇಡಿ. ನೆಕ್ಕಿನ ಅಂಚಿಗೆ ಅಂಗೈ ಆಡಿಸಿ, ಕೊನೆಯ ಫ್ರೆಟ್ಟಿನವರೆಗೂ ನುಡಿಸಿ, ಕರೆಂಟಿಗೆ ಹಾಕಿ ಕೇಳಿ, ತಲೆಯ ಮೇಲಿನ ಹೆಸರನ್ನು ಕೊನೆಗೆ ಓದಿ. ತಂದ ಮೇಲೆ ಮಾಮನ ಹತ್ತಿರ ಬಿಡಿ. ಸರಿಮಾಡಿ ಕೊಡುತ್ತಾನೆ, ದುಡ್ಡು ಮುಟ್ಟುವುದಿಲ್ಲ. ಭಾಷಣ ಒಂದು ತಾಸು ಕೇಳಬೇಕಾಗುತ್ತದೆ, ಅಷ್ಟೆ.