ಕಾಕಾನ ಒಂದು ಮುಷ್ಟಿ ಯೂರಿಯಾ

"ತಮ್ಮಾ, ನಿನ್ನ ಬದ್ನಿ ಗಿಡ ಯಾಕ್ ಹಿಂಗ್ ಬಡಕಲಾಗ್ಯಾವ? ಒಂದ್ ಮುಷ್ಟಿ ಯೂರಿಯಾ ಒಗಿ, ಎಂಟ್ ದಿನದಾಗ ನೋಡು!"

ಕಂಪೌಂಡಿನ ಆಚೆಯಿಂದ ಕಾಕಾ ಹೀಗೆ ಶುರು ಮಾಡಿದರೆ ಅವತ್ತಿನ ಚಹಾ ಗೋಡೆಯ ಮೇಲೇ ಆರಿತೆಂದು ತಿಳಿಯಿರಿ. ಅವರ ಹೊಲ ಔರಾದ ಕಡೆ, ಮನೆ ಬೀದರಿನಲ್ಲಿ. ನಾನು ಭಾಲ್ಕಿಯವನು. ಇಬ್ಬರೂ ಎರಿ ಮಣ್ಣಿನಲ್ಲಿ ಬೆಳೆದು ಕೆಂಪು ಮಣ್ಣಿನಲ್ಲಿ ಮನೆ ಕಟ್ಟಿದವರು. ತಕರಾರಿನ ಬೇರು ಅಲ್ಲೇ ಇದೆ. ಕಾಕಾ ಇನ್ನೂ ಔರಾದಿನ ಹೊಲಕ್ಕೇ ಸಲಹೆ ಕೊಡುತ್ತಿದ್ದಾರೆ, ನನ್ನ ಹಿತ್ತಲಿಗಲ್ಲ.

ಮೊದಲು ಆ ಮುಷ್ಟಿಯ ಲೆಕ್ಕ ತೀರಿಸೋಣ. ಯೂರಿಯಾ ಚೀಲ ಈಗ 45 ಕಿಲೋದ್ದು. ಎಕರೆ ಅಂದರೆ 43,560 ಚದರ ಅಡಿ. ಎಕರೆಗೆ ಒಂದು ಚೀಲ ಬೀಸಿದರೆ ಅಡಿಗೆ ಬೀಳುವುದು ಸುಮಾರು ಒಂದು ಗ್ರಾಂ, ಬರೀ ಚಿಟಿಕೆ. ಮುಷ್ಟಿಗೆ 40 ಗ್ರಾಂ ಹಿಡಿದರೂ ಅಡಿ ಅಗಲದ ಒಂದು ಕುಂಡಕ್ಕೆ ಅದನ್ನು ಸುರಿಯುವುದು ಎಕರೆಗೆ 40 ಚೀಲ ಸುರಿದಂತಾಯಿತು! ಯಾವ ರೈತನೂ ಮಾಡದ ಈ ಕೆಲಸವನ್ನು ಪೇಟೆಯ ತೋಟದವರು ದಿನಾ ಮಾಡುತ್ತಾರೆ. ಸಬ್ಸಿಡಿಯಲ್ಲಿ ಚೀಲಕ್ಕೆ 266 ರೂಪಾಯಿ ಚಿಲ್ಲರೆ, ಕಿಲೋಗೆ ಆರು ರೂಪಾಯಿಯ ಒಳಗೇ ಬರುವ ಮಾಲು. ಕೈ ಬಿಗಿ ಹಿಡಿಯುವವರು ಯಾರು? ಅಷ್ಟು ಗೊಬ್ಬರ ಬುಡದಲ್ಲಿ ಕೂತರೆ ಬೇರು ಸುಡುತ್ತದೆ. ಬದುಕಿಕೊಂಡ ಗಿಡ ಬರೀ ಎಲೆ ಬಿಟ್ಟು ಮೆರೆಯುತ್ತದೆ. ಕಾಯಿ ಕಾಣದು, ಮೆತ್ತನೆಯ ಚಿಗುರಿಗೆ ಹೇನು ಮಾತ್ರ ತಪ್ಪದೆ ಬರುತ್ತದೆ.

"ಹಂಗಾರ ಹೊಲಕ್ಕೂ ಬ್ಯಾಡ ಅಂತಿಯೇನು? ಮನ್ಯಾಗ ದನಾನೇ ಇಲ್ಲ, ತಿಪ್ಪಿ ಗೊಬ್ಬರ ಎಲ್ಲಿಂದ ತರ್ಲಿ?"

ಇಲ್ಲಿ ಕಾಕಾನದು ನೂರಕ್ಕೆ ನೂರು ಖರೆ. ಯೂರಿಯಾದಲ್ಲಿ ಶೇ. 46 ಸಾರಜನಕ, ಅಂದರೆ ಚೀಲಕ್ಕೆ 20 ಕಿಲೋ. ತಿಪ್ಪಿ ಗೊಬ್ಬರದಲ್ಲಿ ಇರುವುದು ಅರ್ಧ ಪರ್ಸೆಂಟಿನ ಆಸುಪಾಸು. ಒಂದು ಚೀಲದ ಸಾರಜನಕವನ್ನು ತಿಪ್ಪಿಯಿಂದಲೇ ತುಂಬಬೇಕಾದರೆ ನಾಲ್ಕು ಟನ್ ಹೊರಬೇಕು. ಹತ್ತು ಎಕರೆಯವನಿಗೆ "ಚೀಲ ಮುಟ್ಟಬೇಡ" ಎಂದು ಉಪದೇಶ ಮಾಡುವವರು ಆ ನಾಲ್ಕು ಟನ್ನನ್ನು ಒಮ್ಮೆ ತಲೆಯ ಮೇಲೆ ಹೊತ್ತು ನೋಡಲಿ. ಬೇರಿಗಂತೂ ಸಾರಜನಕ ಚೀಲದ್ದೋ ತಿಪ್ಪಿಯದ್ದೋ ಎಂಬ ಭೇದವಿಲ್ಲ.

ಭೇದ ಇರುವುದು ಮಣ್ಣಿಗೆ. ಬೀದರ ಊರು ಕೂತಿರುವುದು ಜಂಬಿಟ್ಟಿಗೆಯ ಮೇಲೆ. ನೌಬಾದಿನ ಸುರಂಗ ಬಾವಿಯನ್ನು ನೋಡಿ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ನೆಲದೊಳಗೆ ಸುರಂಗ ಕೊರೆಸಿ ಊರಿಗೆ ನೀರು ತಂದದ್ದು ಈ ಕಲ್ಲಿನ ಗುಣವನ್ನು ನಂಬಿಯೇ. ಮಳೆ ನೀರು ಇದರ ಮೇಲೆ ನಿಲ್ಲುವುದಿಲ್ಲ, ಸೋಸಿಕೊಂಡು ಕೆಳಗಿಳಿಯುತ್ತದೆ. ಸುಲ್ತಾನರಿಗೆ ವರವಾದದ್ದು ನನ್ನ ಬದನೆಗೆ ಶಾಪ. ಮೃಗಶಿರಾದಲ್ಲಿ ಹಾಕಿದ ಯೂರಿಯಾ ಆರಿದ್ರಾ ಮಳೆಗೆ ಬೇರು ದಾಟಿ ಇಳಿದುಹೋಗುತ್ತದೆ. ಡಿಎಪಿ ಹಾಕಿದರೆ ಅದರ ರಂಜಕವನ್ನು ಈ ಮಣ್ಣಿನ ಕಬ್ಬಿಣ ಹಿಡಿದು ಕೂರುತ್ತದೆ.

ಹಾಗಂತ ಭಾಲ್ಕಿ, ಔರಾದಿನ ಎರಿ ಮಣ್ಣಿಗೆ ಎಲ್ಲವೂ ಇದೆ ಎಂದು ಬೀಗುವಂತಿಲ್ಲ. ಕರ್ರಗಿದೆ, ಆದ್ದರಿಂದ ಸಾರವಿದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಆ ಕಪ್ಪು ಕೊಳೆತ ಸೊಪ್ಪು ಸದೆಯಿಂದ ಬಂದದ್ದಲ್ಲ. ಎಷ್ಟೋ ಎರಿ ಹೊಲಗಳಲ್ಲಿ ಸಾವಯವ ಇಂಗಾಲ ಕಡಿಮೆಯೇ. ಸುಣ್ಣದ ಹರಳು ಮಾತ್ರ ಧಾರಾಳ. ಭಾಲ್ಕಿಯ ನಮ್ಮ ಮನೆಯ ನಿಂಬೆ ಗಿಡದ ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಬಂದವರೆಲ್ಲ "ಯೂರಿಯಾ ಹಾಕ್ರಿ" ಅನ್ನುವವರೇ. ಸಾರಜನಕದ ಕೊರತೆಯಾದರೆ ಬುಡದ ಹಳೆ ಎಲೆ ಮೊದಲು ಹಳದಿಯಾಗಬೇಕು. ಇದು ಕಬ್ಬಿಣದ ಹಸಿವು. ಮಣ್ಣಿನಲ್ಲಿ ಕಬ್ಬಿಣ ಇದೆ, ಸುಣ್ಣ ಅದನ್ನು ಬಿಟ್ಟುಕೊಡುವುದಿಲ್ಲ. ಚೀಲಗಟ್ಟಲೆ ಯೂರಿಯಾ ಸುರಿದರೂ ಆ ಎಲೆ ಹಸಿರಾಗದು.

ಮಣ್ಣನ್ನು ಓದುವುದು ಬೀದರಿನವರಿಗೆ ಹೊಸದೇನೂ ಅಲ್ಲ. ಬಿದ್ರಿ ಕೆಲಸದವರು ಕೋಟೆಯೊಳಗಿನ ಹಳೆ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿಯೇ ಆರಿಸುತ್ತಾರೆ. ಅದಕ್ಕೆ ನವಸಾಗರ ಬೆರೆಸಿ ಕುದಿಸಿದರೆ ಸತು ಕಪ್ಪಾಗಿ ಬೆಳ್ಳಿ ಹೊಳೆಯುತ್ತದೆ. ಆ ನವಸಾಗರವೂ ಸಾರಜನಕದ ಲವಣವೇ ಎಂದರೆ ಕಾಕಾ, "ಹಂಗಾರ ಬಿದ್ರಿ ಹೂಜಿಗೂ ಸರ್ಕಾರಿ ಗೊಬ್ಬರಾನೇ ಹಾಕ್ಲತಾರನ್ನು!" ಎಂದು ನಕ್ಕರು. ನಾವು ಮಣ್ಣನ್ನು ನಾಲಿಗೆಗೆ ಹಚ್ಚುವುದು ಬೇಡ, ಜನವಾಡದ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿದರೆ ಸಾಕು.

ಕೆಂಪು ಮಣ್ಣಿಗೆ ನೀರು ಹಿಡಿಯಲು, ಎರಿ ಮಣ್ಣಿಗೆ ಹಿಡಿದದ್ದನ್ನು ಬಿಡಲು ಬೇಕಾದದ್ದು ಒಂದೇ: ಕೊಳೆತ ಸೊಪ್ಪು ಸದೆ. ಹಿತ್ತಲಿನವರ ಭಾಗ್ಯ ಇಲ್ಲಿದೆ. ನಮಗೆ ಬೇಕಾದದ್ದು ನಾಲ್ಕು ಟನ್ ಅಲ್ಲ, ನಾಲ್ಕು ಬುಟ್ಟಿ. ತರಕಾರಿ ಸಿಪ್ಪೆ, ಬೇವಿನ ಎಲೆ, ಚಹಾದ ಚರಟ ಮನೆಯಲ್ಲೇ ಇವೆ. ಹಸಿ ಹೆಂಡಿಯನ್ನು ನೇರ ಬುಡಕ್ಕೆ ಹಾಕಬೇಡಿ, ಗೊಣ್ಣೆ ಹುಳವನ್ನು ಕರೆದು ಕೂರಿಸಿದಂತಾಗುತ್ತದೆ. ಬೇಸಿಗೆಯಲ್ಲಿ ಯಾರಾದರೂ ಕೆರೆ ಹೂಳು ಎತ್ತುತ್ತಿದ್ದರೆ ಒಂದು ಗಾಡಿ ತರಿಸಿ ಕೆಂಪು ಮಣ್ಣಿಗೆ ಬೆರೆಸಿ. ಹಿಂದಿನವರು ಮಾಡುತ್ತಿದ್ದುದೇ ಅದು.

ಕಾಕಾನ ಮುಷ್ಟಿ ಯೂರಿಯಾಕ್ಕೂ ಜಾಗ ಕೊಟ್ಟಿದ್ದೇನೆ. ಗಿಡದ ಬುಡದಲ್ಲಲ್ಲ, ಕಸದ ಗುಂಡಿಯಲ್ಲಿ. ಒಣ ಹೊಟ್ಟು, ತೊಗರಿ ಎಲೆ ಕೊಳೆಯಲು ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ಒಂದು ಬಕೆಟ್ ನೀರಿನಲ್ಲಿ ಕರಗಿಸಿ ಚಿಮುಕಿಸಿದರೆ ಗುಂಡಿ ಬೇಗ ಹಣ್ಣಾಗುತ್ತದೆ. "ನೋಡ್ದಿ? ಕಡೀಗ್ ಯೂರಿಯಾನೇ ಬೇಕಾಯ್ತು" ಎಂದು ಕಾಕಾ ಗೆದ್ದ ಮುಖ ಮಾಡಿದರು. ಮಾಡಲಿ.

ಒಂದೇ ಸಿಟ್ಟು ಉಳಿದಿದೆ. ಭಾಲ್ಕಿಯಲ್ಲಿ ಕಬ್ಬಿನ ರವದಿಗೆ ಬೆಂಕಿ, ಬೀದರಿನ ಓಣಿಗಳಲ್ಲಿ ಒಣ ಎಲೆಗೆ ಬೆಂಕಿ. ಅದೇ ಓಣಿಯವರು ಅಂಗಡಿಯಿಂದ ಎರೆಗೊಬ್ಬರವನ್ನು ಕಿಲೋ ಲೆಕ್ಕದಲ್ಲಿ ಕೊಂಡು ತರುತ್ತಾರೆ. ಕಡ್ಡಿ ಗೀರುವ ಮೊದಲು ಆ ಎಲೆಯನ್ನು ಪಕ್ಕದ ಮನೆಯವರಿಗೆ ಕೇಳಿ ನೋಡಿ. ಇನ್ನು ರಾಶಿಗೆಂದು ಊರಿಗೆ ಹೋದವರು ಬ್ಯಾಳಿ, ಮೆಣಸಿನಕಾಯಿ ಜೊತೆ ಒಂದು ಚೀಲ ಸೋಯಾ ಹೊಟ್ಟನ್ನೂ ತನ್ನಿ. ಕಂಡಕ್ಟರ್ ಲಗೇಜ್ ಟಿಕೆಟ್ ಕೇಳಿದರೆ ಜಗಳಾಡದೆ ಕೊಟ್ಟುಬಿಡಿ.